ಟಿಲ್ಲರಿನ ಗೇರ್ ಪೆಟ್ಟಿಗೆಯಲ್ಲಿ ಮಜ್ಜಿಗೆ!

“ಇದು ಎಣ್ಣೆ ಅಲ್ಲ ಅಣ್ಣ, ಮಜ್ಜಿಗೆ!”

ಗೇರ್ ಪೆಟ್ಟಿಗೆಯ ತಳದ ಬೋಲ್ಟು ಬಿಚ್ಚಿದ ಕೂಡಲೇ ಮೆಕ್ಯಾನಿಕ್ ಹೇಳಿದ ಮಾತಿದು. ಡಬ್ಬಿಗೆ ಇಳಿದದ್ದು ಹಾಗೆಯೇ ಇತ್ತು. ಬೂದು ಬಣ್ಣದ, ನೊರೆ ನೊರೆ ದ್ರವ. ಅದು 2018ರ ಜುಲೈ, ಏಣೆಲು ನಾಟಿಯ ಹೊತ್ತು. ಗದ್ದೆ ಅರ್ಧ ಹೂಡಿ ಆಗಿತ್ತು, ನೇಜಿ ಕಿತ್ತಿಟ್ಟದ್ದಿತ್ತು, ನಾಟಿಯ ಹೆಂಗಸರು ಮರುದಿನ ಬರುವವರಿದ್ದರು. ನನ್ನ ಪವರ್ ಟಿಲ್ಲರ್ ಮಾತ್ರ ಅಂಗಳದಲ್ಲಿ ಮಲಗಿತ್ತು.

ಒಳಗೆ ಎರಡು ಬೇರಿಂಗ್ ತುಕ್ಕು ಹಿಡಿದಿತ್ತು. ಒಂದು ಗೇರಿನ ಹಲ್ಲು ಮುರಿದಿತ್ತು. ಸಾಮಾನು, ಮಜೂರಿ ಸೇರಿ ಹದಿನಾಲ್ಕು ಸಾವಿರ ರೂಪಾಯಿ. ರಿಪೇರಿಗೆ ಒಂಬತ್ತು ದಿನ. ಹಾಳಾದ ನೇಜಿ, ಬಾಡಿಗೆ ಟಿಲ್ಲರಿಗೆ ಕೊಟ್ಟದ್ದು ಬೇರೆ. ಇಷ್ಟಕ್ಕೂ ಮೂಲ ಎರಡೇ: ಒಂದು ರಬ್ಬರ್ ಸೀಲು, ಮತ್ತೆ ನನ್ನದೇ ಒಂದು ಕೆಟ್ಟ ಅಭ್ಯಾಸ. ಬೇರೆಯವರಿಗೂ ಹೀಗಾಗುವುದು ಬೇಡ ಅಂತ ಬರೆಯುತ್ತಿದ್ದೇನೆ.

ನೀರು ಹೋದದ್ದು ಎಲ್ಲಿಂದ?

ಗೇರ್ ಪೆಟ್ಟಿಗೆಯಿಂದ ಚಕ್ರದ ಆಕ್ಸಲ್ ಹೊರಬರುವಲ್ಲಿ ಎರಡೂ ಕಡೆ ಒಂದೊಂದು ಸೀಲು ಉಂಟು. ಒಳಗಿನ ಎಣ್ಣೆ ಹೊರಗೆ ಬಾರದ ಹಾಗೆ, ಹೊರಗಿನ ಕೆಸರು ಒಳಗೆ ಹೋಗದ ಹಾಗೆ ತಡೆಯುವುದು ಅದರ ತೆಳ್ಳಗಿನ ತುಟಿ. ಗದ್ದೆ ಹೂಡುವಾಗ ಬೈಹುಲ್ಲು, ಬೇರು, ಪ್ಲಾಸ್ಟಿಕ್ ಹಗ್ಗದ ತುಂಡು ಆಕ್ಸಲಿಗೆ ಸುತ್ತಿಕೊಳ್ಳುತ್ತದೆ. ಸುತ್ತಿದ್ದು ಬಿಗಿಯಾಗುತ್ತಾ ಒಳಗೆ ಸರಿದು ಸೀಲಿನ ತುಟಿಯನ್ನು ಕೊಯ್ಯುತ್ತದೆ. ನನ್ನ ಟಿಲ್ಲರಿನಲ್ಲಿ ಇದ್ದದ್ದು ಮೆಣಸಿನ ಬಳ್ಳಿ ಕಟ್ಟಿ ಉಳಿದ ಒಂದು ಮೊಳ ಪ್ಲಾಸ್ಟಿಕ್ ಹಗ್ಗ!

ಇನ್ನು ನನ್ನ ಅಭ್ಯಾಸ. ಸಂಜೆ ಕೆಲಸ ಮುಗಿದ ಕೂಡಲೇ ಟಿಲ್ಲರನ್ನು ಸೀದಾ ತೋಡಿಗೆ ಇಳಿಸಿ ತೊಳೆಯುತ್ತಿದ್ದೆ. ಇಡೀ ದಿನ ದುಡಿದ ಗೇರ್ ಪೆಟ್ಟಿಗೆ ಬಿಸಿ ಇರುತ್ತದೆ, ಒಳಗಿನ ಗಾಳಿ ಹಿಗ್ಗಿರುತ್ತದೆ. ಒಮ್ಮೆಲೇ ತಣ್ಣೀರು ಬಿದ್ದರೆ ಆ ಗಾಳಿ ಕುಗ್ಗಿ ಹೊರಗಿನಿಂದ ಎಳೆದುಕೊಳ್ಳುತ್ತದೆ. ಆಗ ಸೀಲು ನೀರಿನಲ್ಲಿ ಮುಳುಗಿದ್ದರೆ ಎಳೆಯುವುದು ನೀರನ್ನೇ. ಮೆಕ್ಯಾನಿಕ್‌ಗಳು ಬ್ರೀದರ್ ಅನ್ನುವ ಉಸಿರು ತೂತು ಕೆಸರಿನಿಂದ ಮುಚ್ಚಿದ್ದರಂತೂ ಸೀಲಿನ ಮೇಲೆ ಒತ್ತಡ ಇನ್ನೂ ಹೆಚ್ಚು.

ಈಗ ಅರ್ಧ, ಮುಕ್ಕಾಲು ಗಂಟೆ ಮೇಲೆ ನಿಲ್ಲಿಸಿ, ತಣಿದ ಮೇಲೆ ಕೊಡದಿಂದ ನೀರು ಹೊಯ್ದು ತೊಳೆಯುತ್ತೇನೆ. ಸೀಲಿನ ಮೇಲೆ ಪೈಪಿನ ಜೋರು ನೀರು ಬಿಡುವುದಿಲ್ಲ. ಎಂಜಿನ್ ನಿಲ್ಲಿಸಿ, ಆಕ್ಸಲಿಗೆ ಸುತ್ತಿದ ಹುಲ್ಲನ್ನು ಅಂದಂದೇ ಬಿಡಿಸುತ್ತೇನೆ. ಇದಕ್ಕೆ ಐದು ನಿಮಿಷ ಸಾಕು.

ಪತ್ತೆ ಮಾಡುವುದು ಹೇಗೆ?

ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಬಂದ್ ಮಾಡಿ, ಎಣ್ಣೆ ಕೆಳಗಿಳಿದ ಮೇಲೆ ಅಳತೆ ಕಡ್ಡಿ ತೆಗೆದು ನೋಡಿ. ಕೆಲವು ಮಾದರಿಯಲ್ಲಿ ಕಡ್ಡಿಯ ಬದಲು ಬದಿಯಲ್ಲಿ ಒಂದು ಬೋಲ್ಟು ಇರುತ್ತದೆ. ಎಣ್ಣೆ ಕಡಿಮೆಯಾಗಿದ್ದರೆ ಎಲ್ಲಿಯೋ ಸೋರುತ್ತಿದೆ. ಹಾಕದೆಯೂ ಮಟ್ಟ ಏರಿದ್ದರೆ, ಅದು ನೀರು. ಸಂತೋಷಪಡುವುದಕ್ಕಿಲ್ಲ!

ಬಣ್ಣ ಬಿಳಿಚಿದ್ದರೆ ಸಂಶಯವೇ ಬೇಡ. ಬಣ್ಣದಿಂದ ಗೊತ್ತಾಗದಿದ್ದರೆ ಹಳೆಯ ಕಬ್ಬಿಣದ ತಗಡನ್ನು ಕಾಯಿಸಿ ಒಂದು ಹನಿ ಎಣ್ಣೆ ಬಿಡಿ. ಚಟಪಟ ಸಿಡಿದರೆ ನೀರು ಉಂಟು. ಮುಖ ದೂರ ಇರಲಿ. ಇನ್ನೊಂದು ಉಪಾಯ: ರಾತ್ರಿಯಿಡೀ ಅಲುಗಿಸದೆ ನಿಲ್ಲಿಸಿ, ಬೆಳಿಗ್ಗೆ ತಳದ ಬೋಲ್ಟನ್ನು ತುಸು ಸಡಿಲಿಸಿ. ನೀರು ಎಣ್ಣೆಗಿಂತ ಭಾರ. ಬೇರೆಯಾಗಿ ನಿಂತಿದ್ದರೆ ಮೊದಲು ಹೊರಬರುವುದು ಅದೇ.

ಎಣ್ಣೆ ಬದಲಿಸುವಾಗ

ಸ್ವಲ್ಪ ಓಡಿಸಿ, ಎಣ್ಣೆ ಬೆಚ್ಚಗಿರುವಾಗ ಇಳಿಸಬೇಕು. ಬೆಚ್ಚಗಿನ ಎಣ್ಣೆ ತಳದ ಕಸವನ್ನೂ ಹೊತ್ತು ತರುತ್ತದೆ. ತಳದ ಬೋಲ್ಟಿನಲ್ಲಿ ಅಯಸ್ಕಾಂತ ಇದ್ದರೆ ಒರೆಸುವ ಮೊದಲು ನೋಡಿ. ನುಣ್ಣಗಿನ ಬೂದು ಕೆಸರು ಸವೆತದ್ದು, ಹೆದರುವುದು ಬೇಡ. ಉಗುರಿಗೆ ತಾಗುವ ಚೂರು ಸಿಕ್ಕಿದರೆ ಹಲ್ಲೋ ಬೇರಿಂಗೋ ಹೋಗುತ್ತಿದೆ ಎಂದರ್ಥ. ಆಗ ಓಡಿಸಬೇಡಿ.

ನೀರು ಸೇರಿದ್ದರೆ ಒಂದು ಸಲ ಬದಲಿಸಿದರೆ ಸಾಲದು. ಹೊಸ ಎಣ್ಣೆ ಹಾಕಿ, ಭಾರ ಇಲ್ಲದೆ ಕೆಲವು ನಿಮಿಷ ಓಡಿಸಿ, ಅದನ್ನೂ ಇಳಿಸಿ, ಮತ್ತೆ ಹಾಕಬೇಕು. ಡೀಸೆಲ್ ಹಾಕಿ ತೊಳೆಯುವ ರೂಢಿ ನಮ್ಮಲ್ಲುಂಟು. ಆದರೆ ಮೂಲೆಯಲ್ಲಿ ಉಳಿದ ಡೀಸೆಲ್ ಹೊಸ ಎಣ್ಣೆಯನ್ನು ತೆಳು ಮಾಡುತ್ತದೆ.

ಯಾವ ಎಣ್ಣೆ, ಎಷ್ಟು ಲೀಟರ್ ಎಂಬುದು ಯಂತ್ರದ ಜೊತೆ ಬಂದ ಪುಸ್ತಕದಲ್ಲಿರುತ್ತದೆ. ಅಂಗಡಿಯವರು ಕೊಟ್ಟದ್ದನ್ನು ಹೊಯ್ಯುವುದಲ್ಲ. ಹೆಚ್ಚು ಹಾಕಿದರೆ ಒಳ್ಳೆಯದು ಎಂಬುದೂ ತಪ್ಪು. ಅಳತೆ ಮೀರಿದ ಎಣ್ಣೆ ನೊರೆ ಬಂದು, ಬಿಸಿಯಾಗಿ, ಸೀಲಿನಿಂದ ಹೊರಬರುತ್ತದೆ. ಹೊಸ ಯಂತ್ರದ ಮೊದಲ ಬದಲಾವಣೆಯನ್ನು ಪುಸ್ತಕ ಹೇಳಿದ ಗಂಟೆಗೇ ಮಾಡಿ. ಹೊಸ ಹಲ್ಲುಗಳು ಒಂದಕ್ಕೊಂದು ಹೊಂದಿಕೊಳ್ಳುವಾಗ ಉದುರಿದ ಪುಡಿ ಅದರಲ್ಲಿರುತ್ತದೆ.

ಇಳಿಸಿದ ಎಣ್ಣೆಯನ್ನು ತೋಡಿಗೆ, ತೋಟಕ್ಕೆ ಚೆಲ್ಲಬೇಡಿ. ಕ್ಯಾನಿಗೆ ತುಂಬಿಸಿ, ಹಳೆ ಎಣ್ಣೆ ಸಂಗ್ರಹಿಸುವ ಗ್ಯಾರೇಜಿಗೆ ಕೊಡಿ. ನಾವು ಕುಡಿಯುವುದೂ ಅದೇ ನೆಲದ ನೀರನ್ನು.

ಸೀಲು ಹಾಕುವಾಗ

ಸ್ಪ್ರಿಂಗ್ ಕಾಣುವ ಬದಿ ಎಣ್ಣೆಯ ಕಡೆಗೆ, ಅಂದರೆ ಒಳಗೆ ಬರಬೇಕು. ತುಟಿಗೆ ಎಣ್ಣೆ ಸವರಿ, ಮರದ ತುಂಡು ಇಟ್ಟು ಸುತ್ತಲೂ ಸಮನಾಗಿ ತಟ್ಟಿ. ಓರೆಯಾದರೆ ಸೋರುವುದು ಖಂಡಿತ. ಮೊದಲು ಆಕ್ಸಲ್ ಮೇಲೆ ಬೆರಳಾಡಿಸಿ. ಹಳೆ ಸೀಲು ಉಜ್ಜಿದಲ್ಲಿ ಉಗುರು ಸಿಕ್ಕುವ ಗೀರು ಬಿದ್ದಿದ್ದರೆ ಹೊಸ ಸೀಲೂ ನಿಲ್ಲದು. ಅದನ್ನು ಮೆಕ್ಯಾನಿಕ್‌ಗೆ ತೋರಿಸಿ.

ಈಗ ಗಂಟೆ ಲೆಕ್ಕ ಆಗಲಿ, ಆಗದಿರಲಿ, ಗದ್ದೆ ಕೆಲಸ ಮುಗಿದ ವಾರದೊಳಗೆ ತಳದ ಬೋಲ್ಟು ಬಿಚ್ಚಿ ನೋಡುತ್ತೇನೆ. ನೀರು ಸೇರಿದ ಎಣ್ಣೆಯೊಂದಿಗೆ ಟಿಲ್ಲರ್ ಕೊಟ್ಟಿಗೆಯಲ್ಲಿ ತಿಂಗಳುಗಟ್ಟಲೆ ನಿಂತರೆ ತುಕ್ಕು ಹಿಡಿಯುವುದು ಆಗಲೇ. ನನ್ನದು ಕೆಟ್ಟದ್ದು ಜುಲೈಯಲ್ಲಿ ಅಲ್ಲ, ಹಿಂದಿನ ಮಳೆಗಾಲ ಮುಗಿಸಿ ನಾನು ಮರೆತು ನಿಲ್ಲಿಸಿದ ದಿನವೇ. ಬದಲಿಸಿದ ತಾರೀಕನ್ನು ಈಗ ಹಾಲಿನ ಲೆಕ್ಕದ ಜೊತೆಗೆ ಕ್ಯಾಲೆಂಡರಿನಲ್ಲಿ ಬರೆದಿಡುತ್ತೇನೆ. ನಾನು ಮರೆತರೂ ಮನೆಯವಳು ನೆನಪಿಸುತ್ತಾಳೆ.