ಕೊಬ್ಬರಿಯ ಬೆಲೆ ತಂತಿಯಲ್ಲಿ ಸಾಗುವ ಬಗೆ

ತುಮಕೂರು ಜಿಲ್ಲೆಯ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳು ತೆಂಗಿನ ಸೀಮೆಯೆಂದು ಪ್ರಸಿದ್ಧವಾಗಿವೆ. ಇಲ್ಲಿಯ ರೈತನು ಬಲಿತ ಕಾಯಿಗಳನ್ನು ಅಟ್ಟದ ಮೇಲೆ ಹಾಕಿ, ಒಳಗಿನ ನೀರು ಇಂಗಿ ತಿರುಳು ಕರಟದಿಂದ ಬಿಡುವವರೆಗೆ ತಿಂಗಳುಗಟ್ಟಲೆ ಕಾಯುತ್ತಾನೆ. ಬಳಿಕ ಸುಲಿದು, ಕರಟ ಒಡೆದು, ಉಂಡೆ ಕೊಬ್ಬರಿಯನ್ನು ಚೀಲಕ್ಕೆ ತುಂಬಿ ತಿಪಟೂರಿನ ಮಾರುಕಟ್ಟೆಗೆ ತರುತ್ತಾನೆ. ಇಷ್ಟು ದೀರ್ಘಕಾಲದ ದುಡಿಮೆಗೆ ದೊರೆಯುವ ಫಲ ಒಂದು ದಿನದ ಟೆಂಡರಿನಲ್ಲಿ ನಿರ್ಧಾರವಾಗುತ್ತದೆ.

ನಿಯಂತ್ರಿತ ಮಾರುಕಟ್ಟೆಗಳಲ್ಲಿ ವರ್ತಕರು ತಾವು ಕೊಡಲೊಪ್ಪುವ ದರವನ್ನು ಚೀಟಿಯಲ್ಲಿ ಬರೆದು ಪೆಟ್ಟಿಗೆಗೆ ಹಾಕುವ ಪದ್ಧತಿ ಹಿಂದೆ ಇತ್ತು. 2014ರಲ್ಲಿ ಕರ್ನಾಟಕ ಸರ್ಕಾರದ ಸಹಭಾಗಿತ್ವದಿಂದ ರಾಷ್ಟ್ರೀಯ ಇ-ಮಾರ್ಕೆಟ್ ಸರ್ವೀಸಸ್ ಎಂಬ ಸಂಸ್ಥೆ ಸ್ಥಾಪಿತವಾಗಿ, ರಾಜ್ಯದ ಮಾರುಕಟ್ಟೆಗಳನ್ನು ಗಣಕಯಂತ್ರಗಳ ಮೂಲಕ ಜೋಡಿಸುವ ಕಾರ್ಯ ನಡೆಯಿತು. ತಿಪಟೂರಿನ ಕೊಬ್ಬರಿ ಟೆಂಡರೂ ಗಣಕವನ್ನು ಸೇರಿತು. ಹಾಗಾದರೆ ಒಂದು ಗಣಕದಲ್ಲಿ ಒತ್ತಿದ ಅಂಕೆ ಇನ್ನೊಂದನ್ನು ಸೇರುವುದು ಹೇಗೆ? ದಾರಿಯಲ್ಲಿ ಅದು ಕೆಡದಂತೆ, ಅನ್ಯರ ಕಣ್ಣಿಗೆ ಬೀಳದಂತೆ ಕಾಯುವವರು ಯಾರು? ಈ ಪ್ರಶ್ನೆಗಳಿಗೆ ಉತ್ತರವನ್ನು ಇಲ್ಲಿ ವಿಚಾರಮಾಡೋಣ.

ಸ್ಥಳೀಯ ಜಾಲ

ಒಂದು ಕಟ್ಟಡದಲ್ಲಿಯೋ ಒಂದು ಆವರಣದಲ್ಲಿಯೋ ಇರುವ ಗಣಕ, ಮುದ್ರಣಯಂತ್ರ ಮುಂತಾದ ಸಾಧನಗಳನ್ನು ಒಂದರೊಡನೊಂದು ಮಾತನಾಡುವಂತೆ ಜೋಡಿಸಿದರೆ ಅದು ಸ್ಥಳೀಯ ಗಣಕಜಾಲವೆನಿಸುತ್ತದೆ. ಕೇವಲ ತಂತಿಯನ್ನು ಎಳೆದ ಮಾತ್ರಕ್ಕೆ ಜಾಲವಾಗದು. ಯಾರು ಯಾವಾಗ ಮಾತನಾಡಬೇಕು, ಯಾರನ್ನು ಉದ್ದೇಶಿಸಿ ಮಾತನಾಡಬೇಕು, ಕೇಳಿದ್ದು ಸರಿಯೋ ತಪ್ಪೋ ಎಂದು ತಿಳಿಯುವುದು ಹೇಗೆ ಎಂಬುದಕ್ಕೆಲ್ಲ ಮೊದಲೇ ಒಪ್ಪಿದ ನಿಯಮಗಳಿರಬೇಕು. ಇಂಥ ನಿಯಮಗಳ ಕಟ್ಟನ್ನು ಪ್ರೋಟೋಕಾಲ್ ಎನ್ನುತ್ತಾರೆ. ಜಾಲದ ಜೀವ ಇರುವುದು ತಂತಿಯಲ್ಲಲ್ಲ, ಈ ಒಪ್ಪಂದದಲ್ಲಿ.

ಚೀಲವೂ ವಿಳಾಸವೂ

ಒಂದು ತೋಟದ ಕೊಬ್ಬರಿಯನ್ನೆಲ್ಲ ಒಂದೇ ರಾಶಿಯಾಗಿ ಯಾರೂ ಸಾಗಿಸುವುದಿಲ್ಲ. ಚೀಲಗಳಲ್ಲಿ ತುಂಬಿ, ಇಂಥವರದು ಎಂದು ಗುರುತು ಹಾಕುತ್ತಾರೆ. ಗಣಕವೂ ಹೀಗೆಯೇ ಮಾಡುತ್ತದೆ. ಕಳುಹಿಸಬೇಕಾದ ದತ್ತಾಂಶವನ್ನು ಸಣ್ಣ ಸಣ್ಣ ತುಂಡುಗಳಾಗಿ ವಿಭಾಗಿಸುತ್ತದೆ. ಇಂತಹ ಒಂದೊಂದು ಕಟ್ಟಿಗೆ ಫ್ರೇಮ್ ಎಂದು ಹೆಸರು. ಈಥರ್‌ನೆಟ್ ಎಂಬ ಪದ್ಧತಿಯಲ್ಲಿ ಒಂದು ಫ್ರೇಮ್ ಸಾಮಾನ್ಯವಾಗಿ 1,500 ಬೈಟುಗಳವರೆಗೆ ದತ್ತಾಂಶವನ್ನು ಹೊರಬಲ್ಲದು.

ಪ್ರತಿ ಫ್ರೇಮಿನ ತಲೆಯಲ್ಲಿ ಎರಡು ವಿಳಾಸಗಳಿರುತ್ತವೆ. ತಲುಪಬೇಕಾದವರದು ಮೊದಲು, ಕಳುಹಿಸಿದವರದು ಅನಂತರ. ಒಂದೊಂದು ವಿಳಾಸವೂ 48 ಬಿಟ್ಟುಗಳಷ್ಟು ಉದ್ದ. ಒಂದು ಬಿಟ್ಟೆಂದರೆ 0 ಅಥವಾ 1. ಆದುದರಿಂದ 2ನ್ನು 48 ಸಲ ಗುಣಿಸಿದಷ್ಟು, ಅಂದರೆ ಸುಮಾರು 281 ಲಕ್ಷ ಕೋಟಿ ಬೇರೆ ಬೇರೆ ವಿಳಾಸಗಳು ಸಾಧ್ಯ.

ಸರದಿಯ ನಿಯಮ

ಒಂದೇ ತಂತಿಯನ್ನು ಹತ್ತಾರು ಗಣಕಗಳು ಹಂಚಿಕೊಂಡಿವೆ ಎಂದು ಭಾವಿಸೋಣ. ಎರಡು ಗಣಕಗಳು ಒಟ್ಟಿಗೆ ಮಾತನಾಡಿದರೆ ಎರಡರ ಸಂಕೇತಗಳೂ ಕಲಸಿಹೋಗುತ್ತವೆ. ಇದಕ್ಕೆ ಘರ್ಷಣೆ ಎನ್ನುತ್ತಾರೆ. ಈ ತೊಡಕಿಗೆ ಪರಿಹಾರದ ದಾರಿ ಮೊದಲು ಕಂಡದ್ದು ಪೆಸಿಫಿಕ್ ಸಾಗರದ ಹವಾಯಿ ದ್ವೀಪಗಳಲ್ಲಿ. ಅಲ್ಲಿಯ ವಿಶ್ವವಿದ್ಯಾನಿಲಯದ ನಾರ್ಮನ್ ಅಬ್ರಾಮ್ಸನ್ ಮತ್ತು ಸಂಗಡಿಗರು 1971ರಲ್ಲಿ ರೇಡಿಯೋ ಅಲೆಗಳಿಂದ ದ್ವೀಪದ್ವೀಪಗಳ ಗಣಕಸಾಧನಗಳನ್ನು ಜೋಡಿಸಿದರು. ಒಪ್ಪಿಗೆಯ ಉತ್ತರ ಬಾರದಿದ್ದರೆ ಸಂದೇಶ ಕೆಟ್ಟಿತೆಂದು ತಿಳಿದು, ಮನಬಂದಷ್ಟು ಹೊತ್ತು ತಡೆದು, ಮತ್ತೆ ಕಳುಹಿಸಬೇಕು ಎಂಬುದು ಅವರ ನಿಯಮ. ಅದಕ್ಕೆ ಅಲೋಹಾ ಎಂದು ಹೆಸರಾಯಿತು.

ಈ ವಿಚಾರವನ್ನು ಅಭ್ಯಾಸಮಾಡಿದ ರಾಬರ್ಟ್ ಮೆಟ್‌ಕಾಫ್ ಅವರು 1973ರಲ್ಲಿ ಕ್ಯಾಲಿಫೋರ್ನಿಯದ ಜೆರಾಕ್ಸ್ ಸಂಶೋಧನ ಕೇಂದ್ರದಲ್ಲಿ, ಡೇವಿಡ್ ಬಾಗ್ಸ್ ಅವರೊಡನೆ ಈಥರ್‌ನೆಟ್ಟನ್ನು ರೂಪಿಸಿದರು. ಬೆಳಕಿನ ಅಲೆಗಳನ್ನು ಹೊರುವ ಮಾಧ್ಯಮವೆಂದು ಹಿಂದಿನ ಭೌತವಿಜ್ಞಾನಿಗಳು ಕಲ್ಪಿಸಿದ್ದ ‘ಈಥರ್’ ಎಂಬುದೇ ಈ ಹೆಸರಿನ ಮೂಲ. ಮಾತನಾಡುವ ಮುನ್ನ ಕಿವಿಗೊಡಬೇಕು, ತಂತಿ ಮೌನವಾಗಿದ್ದರೆ ಮಾತ್ರ ಆರಂಭಿಸಬೇಕು, ಮಾತನಾಡುವಾಗಲೂ ಕೇಳುತ್ತಿರಬೇಕು, ಘರ್ಷಣೆಯಾದರೆ ಒಡನೆಯೇ ನಿಲ್ಲಿಸಬೇಕು. ಇವು ಅದರ ನಿಯಮಗಳು. ನಿಲ್ಲಿಸಿದ ಗಣಕಗಳು ಒಂದೇ ಅವಧಿ ಕಾದರೆ ಮತ್ತೆ ಡಿಕ್ಕಿ ತಪ್ಪದು. ಆದುದರಿಂದ ಪ್ರತಿಯೊಂದೂ ಚೀಟಿ ಎತ್ತಿದಂತೆ ಒಂದು ಅವಧಿಯನ್ನು ಆರಿಸಿಕೊಳ್ಳುತ್ತದೆ. ಘರ್ಷಣೆ ಮರುಕಳಿಸಿದಂತೆಲ್ಲ ಆಯ್ಕೆಯ ವ್ಯಾಪ್ತಿ ಇಮ್ಮಡಿಯಾಗುತ್ತ ಹೋಗುತ್ತದೆ. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಈ ನಿಯಮಕ್ಕೆ ದೊಡ್ಡ ವರ್ತಕ, ಸಣ್ಣ ವರ್ತಕ ಎಂಬ ಭೇದವಿಲ್ಲ. ಕಾಯುವ ಸರದಿ ಎಲ್ಲರಿಗೂ ಸಮಾನ.

ಸ್ವಿಚ್ಚೂ ಗುಟ್ಟೂ

ಹಂಚಿಕೊಂಡ ತಂತಿಗೆ ಇನ್ನೊಂದು ಕೊರತೆ ಇತ್ತು. ಒಬ್ಬರು ಆಡಿದ್ದು ಎಲ್ಲರಿಗೂ ಕೇಳಿಸುತ್ತಿತ್ತು. ತನಗಲ್ಲದ ಫ್ರೇಮನ್ನು ಬಿಟ್ಟುಬಿಡುವುದು ಗಣಕದ ಸೌಜನ್ಯವೇ ಹೊರತು, ಓದಲಾಗದೆಂಬ ಅಡ್ಡಿ ಏನೂ ಇರಲಿಲ್ಲ. ಟೆಂಡರಿನಲ್ಲಿ ಒಬ್ಬನ ದರ ಮತ್ತೊಬ್ಬನಿಗೆ ಮೊದಲೇ ತಿಳಿದರೆ ಏನಾದೀತು? ಅದಕ್ಕಿಂತ ಒಂದು ರೂಪಾಯಿ ಹೆಚ್ಚು ಬರೆದರೆ ಸಾಕೆಂದು ಅವನು ಸುಮ್ಮನಾಗುತ್ತಾನೆ. ನಷ್ಟ ಬೆಳೆಗಾರನಿಗೆ.

ಇಂದಿನ ಜಾಲಗಳಲ್ಲಿ ಪ್ರತಿಯೊಂದು ಗಣಕದಿಂದಲೂ ಬೇರೆ ಬೇರೆ ಕೇಬಲ್ ಹೊರಟು ಸ್ವಿಚ್ ಎಂಬ ಪೆಟ್ಟಿಗೆಯನ್ನು ಸೇರುತ್ತದೆ. ಆ ಕೇಬಲಿನೊಳಗೆ ಎಂಟು ತಾಮ್ರದ ಎಳೆಗಳು ನಾಲ್ಕು ಜೋಡಿಗಳಾಗಿ ಹೊಸೆದಿರುತ್ತವೆ, ಉದ್ದ 100 ಮೀಟರಿಗೆ ಮೀರುವಂತಿಲ್ಲ. ಯಾವ ದ್ವಾರದಿಂದ ಯಾವ ವಿಳಾಸದ ಫ್ರೇಮ್ ಬಂದಿತೆಂಬುದನ್ನು ಸ್ವಿಚ್ ಗುರುತಿಟ್ಟುಕೊಂಡು, ಮುಂದೆ ಆ ವಿಳಾಸಕ್ಕೆ ಬಂದುದನ್ನು ಆ ದ್ವಾರಕ್ಕೆ ಮಾತ್ರ ಬಿಡುತ್ತದೆ. ವಿಳಾಸ ತಿಳಿಯದಿದ್ದರೆ ಉಳಿದ ಎಲ್ಲ ದ್ವಾರಗಳಿಗೂ ಕಳುಹಿಸುತ್ತದೆ. ಹೀಗಾಗಿ ಘರ್ಷಣೆಯೂ ತಪ್ಪಿತು, ಗೌಪ್ಯವೂ ಹೆಚ್ಚಿತು. ಆದರೆ ವೈ-ಫೈ ಜಾಲದಲ್ಲಿ ತಂತಿಯ ಬದಲು ಆಕಾಶವನ್ನೇ ಎಲ್ಲರೂ ಹಂಚಿಕೊಳ್ಳಬೇಕು. ಅಲ್ಲಿ ಸಂದೇಶವನ್ನು ಗೂಢಲಿಪಿಗೆ ಪರಿವರ್ತಿಸಿ ಕಳುಹಿಸುವುದು ಅತ್ಯವಶ್ಯ.

ಅಂಕೆ ಕೆಟ್ಟರೆ?

2025ರ ಹಂಗಾಮಿಗೆ ಕೇಂದ್ರ ಸರ್ಕಾರವು ಉಂಡೆ ಕೊಬ್ಬರಿಗೆ ಗೊತ್ತುಪಡಿಸಿದ ಕನಿಷ್ಠ ಬೆಂಬಲ ಬೆಲೆ ಕ್ವಿಂಟಲಿಗೆ 12,100 ರೂಪಾಯಿ. ಈ ಸಂಖ್ಯೆಯನ್ನು ದ್ವಿಮಾನ ಪದ್ಧತಿಯಲ್ಲಿ ಬರೆದರೆ 10111101000100 ಆಗುತ್ತದೆ. ವಿದ್ಯುತ್ತಿನ ಅಡಚಣೆಯಿಂದ ಎಡಗಡೆಯಿಂದ ಮೂರನೆಯ ಸ್ಥಾನದಲ್ಲಿರುವ 1 ಎಂಬುದು 0 ಆಯಿತೆನ್ನಿ. ತಲುಪುವ ಸಂಖ್ಯೆ 10,052. ಒಂದು ಬಿಟ್ಟಿನಿಂದ ಕ್ವಿಂಟಲಿಗೆ 2,048 ರೂಪಾಯಿ ಮಾಯವಾಯಿತು!

ಇದನ್ನು ಹಿಡಿಯುವ ಉಪಾಯ ಸರಳವಾದುದು. ಕಳುಹಿಸುವವನು 12,100ನ್ನು 9ರಿಂದ ಭಾಗಿಸಿ, ಶೇಷ 4ನ್ನೂ ಜೊತೆಗೆ ಕಳುಹಿಸಲಿ. ಪಡೆದವನು ತನಗೆ ಬಂದ 10,052ನ್ನು ಭಾಗಿಸಿದರೆ ಶೇಷ 8 ಬರುತ್ತದೆ. ಎರಡೂ ಹೊಂದುವುದಿಲ್ಲ, ಆದುದರಿಂದ ಸಂದೇಶ ಕೆಟ್ಟಿದೆ. ಈಥರ್‌ನೆಟ್ಟಿನಲ್ಲಿ ಭಾಗಾಕಾರದ ರೀತಿ ಸ್ವಲ್ಪ ಬೇರೆ, ಭಾಜಕ ಬಹು ದೊಡ್ಡದು, ಶೇಷದ ಉದ್ದ 32 ಬಿಟ್ಟು. ತತ್ತ್ವ ಮಾತ್ರ ಇದೇ. ಶೇಷ ಹೊಂದದ ಫ್ರೇಮನ್ನು ಪಡೆದ ಸಾಧನ ಬಿಸಾಡುತ್ತದೆ. ಟಿಸಿಪಿ ಎಂಬ ಮೇಲಿನ ಹಂತದ ನಿಯಮ, ‘ತಲುಪಿತು’ ಎಂಬ ಉತ್ತರ ಬಾರದುದನ್ನು ಕಂಡು ಆ ಭಾಗವನ್ನು ಮತ್ತೆ ಕಳುಹಿಸುತ್ತದೆ.

ಆವರಣದ ಹೊರಗೆ

ಸ್ಥಳೀಯ ಜಾಲದ ಎಲ್ಲೆಯಲ್ಲಿ ರೂಟರ್ ಎಂಬ ಸಾಧನವಿರುತ್ತದೆ. ದೂರದ ಸರ್ವರಿಗೆ ಹೋಗಬೇಕಾದ ಸಂದೇಶವನ್ನು ಅದು ಹೊರಗಿನ ಜಾಲಕ್ಕೆ ದಾಟಿಸುತ್ತದೆ. ಹೊರಗಿನ ಸಂಪರ್ಕ ಕಡಿದರೆ ಕಚೇರಿಯ ಗಣಕದಿಂದ ಪಕ್ಕದ ಕೋಣೆಯ ಮುದ್ರಣಯಂತ್ರಕ್ಕೆ ಕಾಗದ ಹೋದೀತು, ದರ ಮಾತ್ರ ಸರ್ವರನ್ನು ಮುಟ್ಟದು.

ಇನ್ನೊಂದು ಮಿತಿಯನ್ನೂ ವಿದ್ಯಾರ್ಥಿಗಳು ಮರೆಯಬಾರದು. ಜಾಲವು ಹೊಣೆಹೊರುವುದು ಸಾಗಣೆಗೆ ಮಾತ್ರ. ವರ್ತಕನು ಕೈತಪ್ಪಿ ಬೇರೊಂದು ಅಂಕೆಯನ್ನು ಒತ್ತಿದರೆ ಅದನ್ನೂ ಜಾಲ ಅಷ್ಟೇ ನಿಷ್ಠೆಯಿಂದ ಮುಟ್ಟಿಸುತ್ತದೆ. ವರ್ತಕರು ಮೊದಲೇ ಮಾತಾಡಿಕೊಂಡು ಕಡಿಮೆ ದರ ಹಾಕಿದರೆ ಅದನ್ನು ಯಾವ ಶೇಷವೂ ತೋರಿಸಿಕೊಡದು. ಅಲ್ಲಿ ಬೇಕಾದುದು ಮನುಷ್ಯರ ಎಚ್ಚರ.

ಕೊನೆಯದಾಗಿ ಒಂದು ಅಭ್ಯಾಸ. 12,100ರ ಮೊದಲೆರಡು ಅಂಕೆಗಳು ಅದಲುಬದಲಾಗಿ 21,100 ಆದರೆ, 9ರ ಶೇಷ ಈ ತಪ್ಪನ್ನು ಹಿಡಿಯಬಲ್ಲದೆ? ಭಾಗಿಸಿ ನೋಡಿರಿ. ಬಳಿಕ 9ರ ಬದಲು 11ನ್ನು ಭಾಜಕವಾಗಿ ಇಟ್ಟುಕೊಂಡು ಮತ್ತೆ ಪರೀಕ್ಷಿಸಿರಿ. ಭಾಜಕದ ಆಯ್ಕೆಯಲ್ಲಿ ಇಂಜಿನಿಯರುಗಳು ಏಕೆ ಅಷ್ಟು ಶ್ರಮ ವಹಿಸಿದರೆಂಬುದು ಆಗ ತಾನಾಗಿಯೇ ಮನವರಿಕೆಯಾಗುವುದು.