ಮಕ್ಕಳಿಗೆ ಹೆಸರಿಡುವ ವಿಷಯವಾಗಿ



ಕೂಸು ಹುಟ್ಟಿದ ಮನೆಯಲ್ಲಿ ತೊಟ್ಟಿಲು ಕಟ್ಟುವುದಕ್ಕಿಂತ ಮುಂಚೆಯೇ ಹೆಸರಿನ ಮಾತು ಹುಟ್ಟುತ್ತದೆ. ಮುತ್ಯಾನು ಒಂದು ಹೆಸರನ್ನು ಹೇಳುತ್ತಾನೆ. ಸೋದರತ್ತೆಯು ಮತ್ತೊಂದನ್ನು ಹೇಳುತ್ತಾಳೆ. ತಂದೆತಾಯಿಗಳಾದರೋ ಊರಲ್ಲಿ ಇದುವರೆಗೆ ಯಾರೂ ಕೇಳದಂಥ ಮೂರನೆಯದನ್ನು ಹುಡುಕುತ್ತಾರೆ. ವಿಜಯಪುರ ಪಟ್ಟಣದಲ್ಲಾಗಲಿ, ತಿಕೋಟಾ ಬಬಲೇಶ್ವರಗಳ ಸುತ್ತಣ ಹಳ್ಳಿಗಳಲ್ಲಾಗಲಿ, ಮಲ್ಲಪ್ಪ, ಯಲ್ಲವ್ವ, ಸಮುವೇಲಪ್ಪ, ಮರಿಯವ್ವ ಎಂಬ ಹೆಸರುಗಳು ಹಿರಿಯರ ಸಂಗಡ ಕಡಿಮೆಯಾಗುತ್ತಾ ಬರುತ್ತವೆ. ಅವುಗಳ ಸ್ಥಳದಲ್ಲಿ ಅಜ್ಜ ಅಜ್ಜಿಯರ ನಾಲಿಗೆಗೆ ಒಗ್ಗದ ಹೊಸ ಹೆಸರುಗಳು ಬರುತ್ತವೆ.

ಇದನ್ನು ಕುರಿತು ನಮ್ಮೊಳಗೆ ಎರಡು ಅಭಿಪ್ರಾಯಗಳುಂಟು. ಹಿರಿಯರು, ಅರ್ಥವಿಲ್ಲದ ಹೆಸರಿನಿಂದ ಏನು ಪ್ರಯೋಜನ ಎನ್ನುತ್ತಾರೆ. ಕಿರಿಯರು, ಒಂದೇ ಓಣಿಯಲ್ಲಿ ನಾಲ್ವರು ಯೋಹಾನರೂ ಮೂವರು ಶಾಂತವ್ವರೂ ಇದ್ದರೆ ಕರೆದವರಿಗೂ ಕಷ್ಟ, ಓಗೊಡುವವರಿಗೂ ಕಷ್ಟ ಎನ್ನುತ್ತಾರೆ. ಈ ಪಾಠದಲ್ಲಿ ನಾವು ಇಬ್ಬರ ಮಾತನ್ನೂ ತೂಗಿ ನೋಡೋಣ.

1. ಅಪರೂಪದ ಹೆಸರಿಡುವುದು ದೋಷವೋ?

ಹೊಸ ಹೆಸರನ್ನು ಕೇಳಿದೊಡನೆ ನಗುವವರು ಮೊದಲು ಸತ್ಯವೇದವನ್ನು ನೆನಸತಕ್ಕದ್ದು. ಎಲಿಸಬೇತಳ ಮಗನಿಗೆ ತಂದೆಯಾದ ಜಕರೀಯನ ಹೆಸರನ್ನೇ ಇಡಬೇಕೆಂದು ನೆರೆಯವರು ಹಟಹಿಡಿದರು. ಯೋಹಾನನೆಂಬ ಹೆಸರು ನಿಮ್ಮ ಬಂಧುಬಳಗದಲ್ಲಿ ಯಾರಿಗೂ ಇಲ್ಲವೆಂದು ಆಕ್ಷೇಪಿಸಿದರು. ತಂದೆಯು ಹಲಗೆಯನ್ನು ತರಿಸಿ ಅದೇ ಹೆಸರನ್ನು ಬರೆದನು. ಪ್ರವಾದಿಯಾದ ಯೆಶಾಯನು ತನ್ನ ಮಗನಿಗೆ ಮಹೇರ್ ಶಾಲಾಲ್ ಹಾಷ್ ಬಜ್ ಎಂಬ ನಾಲ್ಕು ಪದಗಳ ಹೆಸರನ್ನಿಟ್ಟನು. ಆದಕಾರಣ, ಕೇಳರಿಯದ ಹೆಸರೆಂಬ ಒಂದೇ ಕಾರಣದಿಂದ ಯಾವ ಹೆಸರನ್ನೂ ತಳ್ಳಿಬಿಡಲಾಗದು.

ನಮ್ಮ ರಾಜ್ಯದಲ್ಲಿಯೇ ಇದಕ್ಕೆ ದೃಷ್ಟಾಂತವಿದೆ. ಬೆಂಗಳೂರಿನ ಹತ್ತಿರದ ಭದ್ರಾಪುರದಲ್ಲಿ ನೆಲೆಸಿರುವ ಹಕ್ಕಿಪಿಕ್ಕಿ ಜನರೊಳಗೆ ಕಾಫಿ, ಗೂಗಲ್, ಹೈಕೋರ್ಟ್, ಮೈಸೂರು ಪಾಕ್ ಎಂಬ ಹೆಸರುಳ್ಳವರಿದ್ದಾರೆಂದು ವರ್ತಮಾನ ಪತ್ರಿಕೆಗಳು ಅನೇಕ ಸಾರಿ ಪ್ರಕಟಿಸಿವೆ. ಹಿಂದೆ ಕಾಡಿನಲ್ಲಿ ಹಕ್ಕಿಗಳನ್ನು ಹಿಡಿದು ಜೀವಿಸುತ್ತಿದ್ದ ಈ ಜನರು ಊರುಗಳ ಹತ್ತಿರ ನೆಲೆಗೊಂಡ ಮೇಲೆ, ತಮ್ಮ ಕಣ್ಣಿಗೂ ಕಿವಿಗೂ ದೊಡ್ಡದಾಗಿ ತೋರಿದ್ದನ್ನು ಮಕ್ಕಳಿಗೆ ಹೆಸರಾಗಿ ಕೊಟ್ಟರು. ಇದನ್ನು ಓದಿ ನಗುವ ನಮ್ಮ ಸೀಮೆಯಲ್ಲಿ ಉಳ್ಳಾಗಡ್ಡಿ, ಮೆಣಸಿನಕಾಯಿ, ಬೆಲ್ಲದ ಎಂಬ ಅಡ್ಡಹೆಸರುಗಳಿಲ್ಲವೇ? ಅವನ್ನು ಕೇಳಿ ದಕ್ಷಿಣದ ಜಿಲ್ಲೆಗಳವರು ನಗುತ್ತಾರೆ. ನಾವಂತೂ ಅವುಗಳಲ್ಲಿ ನಗತಕ್ಕದ್ದೇನನ್ನೂ ಕಾಣುವುದಿಲ್ಲ. ವಿಚಿತ್ರವೆಂಬುದು ಬಹಳವಾಗಿ ಕೇಳುವವನ ಕಿವಿಯಲ್ಲಿಯೇ ಇರುತ್ತದೆ.

2. ಕೂಸಿಗೆ ಭಾರವಾಗುವ ಹೆಸರು

ಹಾಗಾದರೆ ದೋಷವು ಎಲ್ಲಿದೆ? ಹೆಸರಿನಿಂದ ಮಗುವಿನ ಮೇಲೆ ಅವಮಾನವನ್ನಾಗಲಿ, ತಂದೆತಾಯಿಗಳ ದುಃಖವನ್ನಾಗಲಿ ಹೊರಿಸುವುದರಲ್ಲಿದೆ. ರಾಹೇಲಳು ಪ್ರಸವವೇದನೆಯಿಂದ ಸಾಯುವ ಹೊತ್ತಿನಲ್ಲಿ ಮಗನನ್ನು ಬೆನೋನಿ, ಅಂದರೆ ನನ್ನ ದುಃಖದ ಮಗನು, ಎಂದು ಕರೆದಳು. ಯಾಕೋಬನು ಹೆಂಡತಿಗಾಗಿ ಅತ್ತವನೇ. ಆದರೂ ಆ ಹೆಸರನ್ನು ಮಗನು ಆಯುಷ್ಯವೆಲ್ಲಾ ಹೊರಬೇಕೆಂದು ಬಿಡಲಿಲ್ಲ. ಬೆನ್ಯಾಮೀನ, ಅಂದರೆ ಬಲಗೈಯ ಮಗನು, ಎಂದು ಹೆಸರಿಟ್ಟನು. ತಂದೆತಾಯಿಗಳ ಕಣ್ಣೀರು ಅವರದು, ಹೆಸರಾದರೋ ಮಗುವಿನದು.

ನಮ್ಮ ಹಳ್ಳಿಗಳ ಹಳೆಯ ಹೆಸರುಗಳಲ್ಲಿಯೂ ಈ ಭೇದವನ್ನು ಕಾಣಬಹುದು. ಹುಟ್ಟಿದ ಮಕ್ಕಳು ಉಳಿಯದೆ ಹೋದ ಮನೆಯಲ್ಲಿ, ಮುಂದಿನ ಕೂಸಿನ ಮೇಲೆ ಕೆಟ್ಟ ಕಣ್ಣು ಬೀಳಬಾರದೆಂದು ತಿಪ್ಪಣ್ಣ, ಗುಂಡಪ್ಪ, ಕಲ್ಲಪ್ಪ ಎಂದು ಹೆಸರಿಡುವ ವಾಡಿಕೆಯಿತ್ತು. ಹೆಸರಿಗೆ ಕೂಸನ್ನು ಕಾಯುವ ಶಕ್ತಿಯಿದೆ ಎಂಬ ನಂಬಿಕೆಯನ್ನು ನಾವು ಒಪ್ಪುವುದಿಲ್ಲ. ಆದರೂ ಆ ತಾಯಿಯ ಪ್ರೀತಿಯನ್ನು ಹಳಿಯಲಾರೆವು. ಕೂಸು ತನಗೆ ಬೇಕೇ ಬೇಕೆಂಬ ಕಾರಣದಿಂದಲೇ ಆಕೆ ಕಡೆಗಣಿಸಿದಂತೆ ನಟಿಸಿದಳು. ಆದರೆ ಹೆಣ್ಣುಮಕ್ಕಳು ಸಾಕಾದವೆಂದು ಕೊನೆಯವಳನ್ನು ಸಾಕವ್ವನೆಂದು ಕರೆದ ಮನೆಗಳ ವಿಷಯವಾಗಿ ಏನು ಹೇಳೋಣ? ನಮ್ಮ ನೆರೆಯ ಮಹಾರಾಷ್ಟ್ರದ ಸಾತಾರಾ ಜಿಲ್ಲೆಯಲ್ಲಿ ಇಂಥ ಹುಡುಗಿಯರಿಗೆ ನಕುಸಾ, ಅಂದರೆ ಬೇಡವಾದವಳು, ಎಂಬ ಹೆಸರನ್ನೇ ಇಟ್ಟಿದ್ದರು. ಶಾಲೆಯಲ್ಲಿ ಹಾಜರಿ ಕೂಗುವಾಗಲೆಲ್ಲಾ ಆ ಹುಡುಗಿಯು, ಬೇಡವಾದವಳು ಇಲ್ಲಿದ್ದೇನೆ ಎಂದು ಉತ್ತರ ಕೊಟ್ಟಂತಾಯಿತು. 2011ನೇ ಇಸವಿಯ ಅಕ್ಟೋಬರ್ ತಿಂಗಳಲ್ಲಿ ಅಲ್ಲಿನ ಅಧಿಕಾರಿಗಳು ಸಮಾರಂಭವನ್ನು ಏರ್ಪಡಿಸಿ 285 ಹುಡುಗಿಯರಿಗೆ ಹೊಸ ಹೆಸರುಗಳನ್ನು ಕೊಡಿಸಿದರು. ತಮಗೆ ಬೇಕಾದ ಹೆಸರನ್ನು ಹುಡುಗಿಯರು ತಾವೇ ಆರಿಸಿಕೊಂಡವುಂಟು.

ಶೋಕಿಗಾಗಿ ಇಟ್ಟ ಹೆಸರೂ ಇಷ್ಟೇ ಭಾರವಾದೀತು. ನ್ಯೂಜಿಲೆಂಡ್ ದೇಶದಲ್ಲಿ ಒಬ್ಬ ಹುಡುಗಿಗೆ ಒಂದು ಇಡೀ ವಾಕ್ಯವನ್ನೇ ಹೆಸರಾಗಿ ಇಟ್ಟಿದ್ದರು. ಹವಾಯಿ ದ್ವೀಪದ ಕುಣಿತವನ್ನು ಕುಣಿಯುತ್ತಾಳೆಂಬುದು ಅದರ ಅರ್ಥ. ಒಂಬತ್ತು ವರ್ಷದ ಆ ಹುಡುಗಿಯು ನಾಚಿಕೆಯಿಂದ ತನ್ನ ನಿಜವಾದ ಹೆಸರನ್ನು ಗೆಳತಿಯರಿಗೂ ಹೇಳದೆ ಬಚ್ಚಿಟ್ಟಿದ್ದಳು. ಹೆಸರನ್ನು ಬದಲಾಯಿಸುವುದಕ್ಕಾಗಿಯೇ ನ್ಯಾಯಾಲಯವು ಅವಳನ್ನು ತನ್ನ ರಕ್ಷಣೆಗೆ ತೆಗೆದುಕೊಂಡ ಸಂಗತಿಯು 2008ರಲ್ಲಿ ಪ್ರಕಟವಾಯಿತು. ತೊಟ್ಟಿಲಲ್ಲಿ ನಗು ಹುಟ್ಟಿಸಿದ ಹೆಸರು ಶಾಲೆಯಲ್ಲಿ ಅಳು ಹುಟ್ಟಿಸಬಹುದು.

3. ಕ್ರೈಸ್ತರಿಗೆ ತಕ್ಕ ಹೆಸರು ಯಾವುದು?

ದೀಕ್ಷಾಸ್ನಾನದ ಸಮಯದಲ್ಲಿ ಇಂಗ್ಲಿಷ್ ಹೆಸರನ್ನೇ ಇಡಬೇಕೆಂದು ಕೆಲವರು ಭಾವಿಸುತ್ತಾರೆ. ಇದು ನಿಜವಲ್ಲ. ಯೋಹಾನನು ಇಂಗ್ಲಿಷರ ಬಾಯಲ್ಲಿ ಜಾನ್ ಆದನು, ಜರ್ಮನರ ಬಾಯಲ್ಲಿ ಯೋಹಾನ್ನೆಸ್ ಆದನು; ನಮ್ಮ ಬಾಯಲ್ಲಿ ಯೋಹಾನನಾಗಿಯೇ ಇರುವುದಕ್ಕೆ ಏನು ಅಡ್ಡಿ? ಮೊದಲಿನ ಸಭೆಯಲ್ಲಿದ್ದ ಫೊಯಿಬೆಯ ಹೆಸರೂ ಅಪೊಲ್ಲೋಸನ ಹೆಸರೂ ಗ್ರೀಕರ ದೇವತೆಗಳ ಹೆಸರುಗಳಿಂದ ಬಂದವುಗಳು. ಆದರೂ ಪೌಲನು ತನ್ನ ಪತ್ರಗಳಲ್ಲಿ ಅವರನ್ನು ಆ ಹೆಸರುಗಳಿಂದಲೇ ಕರೆಯುತ್ತಾನೆ. ಫೊಯಿಬೆಯನ್ನು ಸಭೆಯ ಸೇವಕಿಯೆಂದು ಗೌರವದಿಂದ ಹೊಗಳುತ್ತಾನೆ. ಕರುಣಾ, ಶಾಂತಪ್ಪ, ಸತ್ಯವಂತ, ದೇವದಾನ ಎಂಬ ಕನ್ನಡದ ಹೆಸರುಗಳು ಅರ್ಥದಲ್ಲಿಯೂ ಉಚ್ಚಾರದಲ್ಲಿಯೂ ಯಾವ ಹೆಸರಿಗೂ ಕಡಿಮೆಯಲ್ಲ. ಸತ್ಯವೇದದ ಹೆಸರನ್ನು ಇಡುವವರು ಅದರ ಕಥೆಯನ್ನು ಮಗುವಿಗೆ ಕಲಿಸಲಿ. ಇಲ್ಲವಾದರೆ ಅದೂ ಅರ್ಥ ತಿಳಿಯದ ಶಬ್ದವಾಗಿಯೇ ಉಳಿಯುವುದು.

4. ಹೆಸರನ್ನು ಬರೆಯುವ ರೀತಿ

ಹೆಸರು ಒಳ್ಳೆಯದಾಗಿದ್ದರೂ ಅದನ್ನು ಬರೆಯುವುದರಲ್ಲಿ ಹೊಸತನ ತೋರಿಸುವವರು ಈಗ ಹೆಚ್ಚಿದ್ದಾರೆ. ಸಂಗೀತಾ ಎಂಬ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯುವಾಗ ನಡುವೆ ಇ ಅಕ್ಷರವನ್ನು ಇಮ್ಮಡಿ ಮಾಡುವರು, ಕೊನೆಗೆ ಒಂದು ಎಚ್ ಹಚ್ಚುವರು. ಕೆಲವರು ಅಂದಕ್ಕಾಗಿ ಹೀಗೆ ಮಾಡಿದರೆ, ಕೆಲವರು ಅಕ್ಷರಗಳ ಲೆಕ್ಕ ಹಾಕಿ ಅದೃಷ್ಟ ಬರುವದೆಂದು ಹೇಳುವವರ ಮಾತಿಗೆ ಮರುಳಾಗಿ ಮಾಡುತ್ತಾರೆ. ಎಚ್ ಅಕ್ಷರವು ಯಾವ ಹೊಲಕ್ಕೂ ಮಳೆ ತರಲಿಲ್ಲ, ಯಾವ ಸಾಲವನ್ನೂ ತೀರಿಸಲಿಲ್ಲ.

ಇದರ ಮೇಲೆ ಇಂಗ್ಲಿಷ್ ಲಿಪಿಯ ಕೊರತೆಯೊಂದಿದೆ. ಅದರಲ್ಲಿ ತ ಮತ್ತು ಟ, ದ ಮತ್ತು ಡ, ನ ಮತ್ತು ಣ, ಲ ಮತ್ತು ಳ ಇವುಗಳಿಗೆ ಬೇರೆ ಬೇರೆ ಅಕ್ಷರಗಳಿಲ್ಲ. ಆದಕಾರಣ ಇಂಗ್ಲಿಷಿನಿಂದ ಕನ್ನಡಕ್ಕೆ ತಿರುಗಿ ಬರೆಯುವಾಗ ವೀಣಾ ಎಂಬವಳು ವೀನಾ ಆಗುತ್ತಾಳೆ, ಲತಾ ಎಂಬವಳು ಲಟಾ ಆಗುತ್ತಾಳೆ. ನಮ್ಮ ತಿಕೋಟಾ ಊರೇ ಟಿಕೋಟಾ ಎಂದು ಬರೆಯಲ್ಪಡುವುದನ್ನು ನೋಡುತ್ತೇವಲ್ಲಾ! ನೇರವಾಗಿ ಬರೆದ ಹೆಸರಿಗೇ ಈ ಗತಿಯಾದರೆ, ಬೇಕೆಂದೇ ತಿರುಚಿದ ಹೆಸರಿನ ಗತಿ ಏನು?

ಹೆಸರಿನ ಕ್ರಮದಲ್ಲಿಯೂ ತೊಡಕುಂಟು. ನಮ್ಮ ಜಿಲ್ಲೆಯು 1956ರ ನವೆಂಬರ್ 1ರವರೆಗೆ ಮುಂಬಯಿ ರಾಜ್ಯದಲ್ಲಿತ್ತು. ತನ್ನ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂದು ಮೂರನ್ನೂ ಬರೆಯುವ ರೂಢಿ ಇಂದಿಗೂ ಇಲ್ಲಿದೆ. ಹಳೆಯ ಮೈಸೂರು ಸೀಮೆಯಲ್ಲಾದರೋ ತಂದೆಯ ಮತ್ತು ಊರಿನ ಹೆಸರುಗಳ ಮೊದಲಕ್ಷರಗಳನ್ನು ಬರೆಯುವುದು ವಾಡಿಕೆ. ಒಂದು ಕಾಗದದಲ್ಲಿ ಮೂರು ಹೆಸರು, ಇನ್ನೊಂದರಲ್ಲಿ ಒಂದು ಹೆಸರು, ಮತ್ತೊಂದರಲ್ಲಿ ಅಡ್ಡಹೆಸರು ಮೊದಲು, ಹೀಗೆ ಬರೆದರೆ ಒಬ್ಬನೇ ಹುಡುಗನು ಸರಕಾರದ ಕಣ್ಣಿಗೆ ಮೂವರಾಗಿ ತೋರುವನು. ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರರು ಇದನ್ನು ಸುಲಭವಾಗಿ ತಿಳಿದುಕೊಳ್ಳುವರು: ಒಣದ್ರಾಕ್ಷಿಯ ಪೆಟ್ಟಿಗೆಯ ಮೇಲೆ ಒಂದು ಹೆಸರು, ಸಂಗಡದ ಚೀಟಿಯಲ್ಲಿ ಮತ್ತೊಂದು ಹೆಸರು ಇದ್ದರೆ, ಮಾಲು ಎಷ್ಟು ಒಳ್ಳೆಯದಾಗಿದ್ದರೂ ಹಣ ಕೈಗೆ ಬರುವುದು ತಡವಾಗುವುದು. ವಿದ್ಯಾರ್ಥಿವೇತನ ನಿಂತುಹೋದ ಬಡ ಹುಡುಗಿಯ ಸಂಗತಿಯೂ ಹೀಗೆಯೇ. ಒಂದು ಅಕ್ಷರಕ್ಕಾಗಿ ತಂದೆಯು ಕೂಲಿಯನ್ನು ಬಿಟ್ಟು ಕಚೇರಿಯಿಂದ ಕಚೇರಿಗೆ ಅಲೆಯುತ್ತಾನೆ.

ಬಿಜಾಪುರವು 2014ರ ನವೆಂಬರ್ 1ರಂದು ಸರಕಾರದ ಆಜ್ಞೆಯಿಂದ ವಿಜಯಪುರವಾಯಿತು. ಅದೇ ದಿನ ರಾಜ್ಯದ ಒಟ್ಟು ಹನ್ನೆರಡು ನಗರಗಳ ಹೆಸರುಗಳು ತಿದ್ದಲ್ಪಟ್ಟವು. ಇಷ್ಟು ವರ್ಷಗಳಾದರೂ ಹಳೆಯ ಹೆಸರು ಜನರ ಬಾಯಿಂದಲೂ ಹಳೆಯ ಕಾಗದಗಳಿಂದಲೂ ಹೋಗಿಲ್ಲ. ನಗರದ ಹಿಂದೆ ಸರಕಾರವೇ ನಿಂತಿದೆ. ಕೂಲಿಕಾರನ ಮಗಳ ಹಿಂದೆ ಯಾರು ನಿಲ್ಲುವರು?

5. ತಂದೆತಾಯಿಗಳು ಮಾಡತಕ್ಕದ್ದು

1969ರ ಜನನ ಮರಣ ನೋಂದಣಿ ಕಾಯಿದೆಯ ಪ್ರಕಾರ ಜನನವನ್ನು 21 ದಿವಸಗಳೊಳಗೆ ತಿಳಿಸತಕ್ಕದ್ದು. ಆಗಲೇ ಹೆಸರನ್ನು ಬರೆಸಬೇಕೆಂಬ ಬಲವಂತವಿಲ್ಲ. ನೋಂದಣಿಯಾದಂದಿನಿಂದ 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರನ್ನು ಸೇರಿಸಬಹುದು, ಅನಂತರ 15 ವರ್ಷಗಳವರೆಗೆ ಶುಲ್ಕ ಕೊಟ್ಟು ಸೇರಿಸಬಹುದು. ಆದಕಾರಣ ಆಸ್ಪತ್ರೆಯಲ್ಲಿ ಅವಸರದಿಂದ ಯಾವುದೋ ಒಂದು ಹೆಸರನ್ನು ಬರೆಸಿ ಆಮೇಲೆ ಮರುಗಬೇಡಿರಿ. ಹಾಗೆಂದು ವರುಷಗಟ್ಟಲೆ ತಡಮಾಡಲೂ ಬೇಡಿರಿ. ಬರಹದ ತಪ್ಪನ್ನು ತಿದ್ದಿಸಿಕೊಳ್ಳಬಹುದು; ಮನಸ್ಸು ಬದಲಾಯಿತೆಂದು ಹೆಸರನ್ನೇ ಬದಲಾಯಿಸುವುದು ಸುಲಭವಲ್ಲ. 2023ರ ಅಕ್ಟೋಬರ್ 1ರಂದು ಮತ್ತು ಅನಂತರ ಹುಟ್ಟಿದವರಿಗೆ ಶಾಲೆಯ ಪ್ರವೇಶ, ಮತದಾರರ ಪಟ್ಟಿ, ವಾಹನ ನಡೆಸುವ ಪರವಾನಗಿ, ಮದುವೆಯ ನೋಂದಣಿ, ಸರಕಾರಿ ಕೆಲಸ ಇವೆಲ್ಲಕ್ಕೂ ಹುಟ್ಟಿದ ದಿನ ಮತ್ತು ಸ್ಥಳಗಳ ಆಧಾರವಾಗಿ ಜನನ ಪತ್ರವೇ ಬೇಕಾಗಿರುವುದರಿಂದ, ಈ ಎಚ್ಚರಿಕೆಯು ಮೊದಲಿಗಿಂತ ಹೆಚ್ಚು ಅವಶ್ಯವಾಗಿದೆ.

ಹೆಸರನ್ನು ನಿಶ್ಚಯಿಸುವ ಮುಂಚೆ ಮನೆಯವರೆಲ್ಲರೂ ಕೂಡಿ ಈ ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳಲಿ. ಅಜ್ಜಿಯು ಇದನ್ನು ತಪ್ಪಿಲ್ಲದೆ ಕರೆಯಬಲ್ಲಳೋ? ಊರಿನ ಶಾಲೆಯ ಮಾಸ್ತರರು ಒಂದೇ ಸಾರಿ ಕೇಳಿ ಬರೆಯಬಲ್ಲರೋ? ಅರ್ಥವೇನೆಂದು ಮಗು ಕೇಳಿದಾಗ ನಾವು ತಲೆಯೆತ್ತಿ ಉತ್ತರ ಹೇಳಬಲ್ಲೆವೋ? ಮಗು ಮುದುಕನಾದಾಗಲೂ, ಮುದುಕಿಯಾದಾಗಲೂ ಈ ಹೆಸರು ಒಪ್ಪುವುದೋ? ಈ ನಾಲ್ಕಕ್ಕೂ ಹೌದೆಂಬ ಉತ್ತರ ಬಂದರೆ, ಹೆಸರು ಹಳೆಯದಾಗಿದ್ದರೇನು, ಹೊಸದಾಗಿದ್ದರೇನು? ಸಂತೋಷದಿಂದ ಇಡಿರಿ.

ಇಟ್ಟ ಮೇಲೆ ಜಕರೀಯನಂತೆ ಬರೆದಿಡಿರಿ. ಕನ್ನಡದಲ್ಲಿ ಒಂದು ರೀತಿ, ಇಂಗ್ಲಿಷಿನಲ್ಲಿ ಒಂದು ರೀತಿ ನಿಶ್ಚಯಿಸಿ, ಒಂದು ಕಾಗದದ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆಯಿಸಿ, ಸಭೆಯ ದೀಕ್ಷಾಸ್ನಾನದ ಪುಸ್ತಕದಲ್ಲಿಯೂ ಜನನ ಪತ್ರದಲ್ಲಿಯೂ ಆಧಾರ್ ಚೀಟಿಯಲ್ಲಿಯೂ ಶಾಲೆಯಲ್ಲಿಯೂ ಅದನ್ನೇ ತೋರಿಸಿರಿ. ಓದುಬರಹ ತಿಳಿಯದವರು ಸಭೆಯಲ್ಲಿ ಬಲ್ಲವರನ್ನು ಕೇಳುವುದಕ್ಕೆ ನಾಚಬಾರದು; ಬಲ್ಲವರು ಸಹಾಯ ಮಾಡುವುದಕ್ಕೆ ಬೇಸರಪಡಬಾರದು. ಹೊಲ, ಮನೆ, ಒಡವೆಗಳನ್ನು ಕೊಡಲಾರದ ಬಡವನೂ ತನ್ನ ಮಗುವಿಗೆ ಒಳ್ಳೆಯ ಹೆಸರನ್ನು ಕೊಡಬಲ್ಲನು. ಆ ಮಗುವು ಅದನ್ನು ನಾಚಿಕೆಯಿಲ್ಲದೆ ಹೇಳುವಂತೆಯೂ ತೊಡಕಿಲ್ಲದೆ ಬರೆಯುವಂತೆಯೂ ನೋಡಿಕೊಳ್ಳೋಣ.