ವಂಶಶೋಧನೆಯ ಗಣಿತ

ಪೂರ್ವಿಕರನ್ನು ಅರಸುವ ಕುತೂಹಲ ಮಾನವನಿಗೆ ಹೊಸದಲ್ಲ. ನಮ್ಮಲ್ಲಿ ಹೆಳವರು ಊರೂರು ತಿರುಗಿ ಮನೆತನಗಳ ವಂಶಾವಳಿಯನ್ನು ಹೇಳುವುದನ್ನು ವಾಚಕರಲ್ಲಿ ಹಲವರು ಬಲ್ಲರು. ಅವರಿಗೆ ಆಧಾರ ನೆನಪು ಮತ್ತು ಬರಹ. ಈಗ ಈ ಶೋಧನೆಗೆ ಮೂರನೆಯದೊಂದು ಆಧಾರವೂ ಉಂಟು. ಅದೇ ನಮ್ಮ ಜೀವಕೋಶಗಳಲ್ಲಿರುವ ಡಿ.ಎನ್.ಎ. ಈ ಹೊಸ ಆಧಾರ ಶೋಧಕರ ಬಳಗವನ್ನೇ ಹೇಗೆ ಬದಲಾಯಿಸಿತೆಂಬುದಕ್ಕೆ ಅಮೆರಿಕದ ನಿದರ್ಶನವೊಂದನ್ನು ನೋಡೋಣ.

೨೦೧೦ರಲ್ಲಿ ಕರ್ಟಿಸ್ ರೋಜರ್ಸ್ ಮತ್ತು ಜಾನ್ ಓಲ್ಸನ್ ಎಂಬಿಬ್ಬರು ಅಂತರಜಾಲದಲ್ಲಿ ‘ಜೆಡ್‌ಮ್ಯಾಚ್’ ಎಂಬ ಸಂಗ್ರಹವನ್ನು ಆರಂಭಿಸಿದರು. ಹವ್ಯಾಸಿಗಳು ತಮ್ಮ ಡಿ.ಎನ್.ಎ. ಪರೀಕ್ಷೆಯ ಫಲಿತಾಂಶವನ್ನು ಅಲ್ಲಿ ಸೇರಿಸಿ, ಇತರರ ಫಲಿತಾಂಶದೊಡನೆ ಹೋಲಿಸಿ, ಅಗಲಿದ ಬಂಧುಗಳನ್ನು ಹುಡುಕುತ್ತಿದ್ದರು. ದತ್ತು ಹೋದವರಿಗೆ ಹೆತ್ತವರನ್ನು ಅರಿಯಲು ಇದು ನೆರವಾಯಿತು.

ಹೋಲಿಕೆಯ ತತ್ತ್ವ ಸರಳವಾದುದು. ಮಗುವಿಗೆ ತಂದೆಯಿಂದ ಅರ್ಧ, ತಾಯಿಯಿಂದ ಅರ್ಧ ಡಿ.ಎನ್.ಎ. ಬರುತ್ತದೆ. ಆದುದರಿಂದ ಒಂದೇ ಅಜ್ಜ–ಅಜ್ಜಿಯರಿಗೆ ಬೇರೆ ಬೇರೆ ಮಕ್ಕಳಿಂದ ಹುಟ್ಟಿದ ಇಬ್ಬರು ಮೊಮ್ಮಕ್ಕಳಲ್ಲಿ ಸರಾಸರಿ ೧/೮ ಪಾಲು ಸಮಾನವಾಗಿರುತ್ತದೆ. ಮುತ್ತಜ್ಜ–ಮುತ್ತಜ್ಜಿಯರು ಮಾತ್ರ ಒಂದೇ ಆದವರಲ್ಲಿ ಅದು ೧/೩೨. ಇನ್ನೂ ಒಂದು ತಲೆಮಾರು ಹಿಂದೆ ಸರಿದರೆ ೧/೧೨೮.

ಇನ್ನು ಬಂಧುಗಳ ಸಂಖ್ಯೆ. ಪ್ರತಿಯೊಂದು ದಂಪತಿಗೂ ಮೂವರು ಮಕ್ಕಳೆಂದೂ ಬಂಧುಗಳೊಳಗೆ ವಿವಾಹವಾಗಿಲ್ಲವೆಂದೂ ಭಾವಿಸೋಣ. ನಿಮ್ಮ ತಂದೆಗೂ ತಾಯಿಗೂ ತಲಾ ಇಬ್ಬರು ಒಡಹುಟ್ಟಿದವರು; ಅವರಿಗೆ ತಲಾ ಮೂವರು ಮಕ್ಕಳು; ಒಟ್ಟು ೨×೨×೩ = ೧೨. ಮುಂದಿನ ಮೆಟ್ಟಿಲಿನಲ್ಲಿ ೪×೨×೯ = ೭೨; ಅದರಾಚೆ ೮×೨×೨೭ = ೪೩೨. ಪಾಲು ನಾಲ್ಕರಲ್ಲಿ ಒಂದಕ್ಕಿಳಿದಾಗಲೆಲ್ಲ ಬಂಧುಗಳು ಆರು ಪಟ್ಟಾಗುತ್ತಾರೆ! ೧/೧೨೮ ಅಲ್ಪವೆಂದು ತೋರಬಹುದು. ಆದರೆ ಮಾನವನ ಡಿ.ಎನ್.ಎ.ಯ ಸುಮಾರು ೩೦೦ ಕೋಟಿ ಅಕ್ಷರಗಳಲ್ಲಿ ಅದು ೨ ಕೋಟಿಗೂ ಮಿಗಿಲು. ಈ ಪಾಲು ಉದ್ದವಾದ ತುಣುಕುಗಳಾಗಿ ಉಳಿದುಬರುವುದರಿಂದ ಅದನ್ನು ಗುರುತಿಸುವುದು ಸಾಮಾನ್ಯವಾಗಿ ಸಾಧ್ಯ.

೨೦೧೮ರ ಏಪ್ರಿಲ್‌ನಲ್ಲಿ ಕ್ಯಾಲಿಫೋರ್ನಿಯದ ಪೊಲೀಸರು ಈ ಮಾರ್ಗವನ್ನು ಹಿಡಿದು, ೧೯೭೦ ಮತ್ತು ೧೯೮೦ರ ದಶಕಗಳ ಸರಣಿ ಕೊಲೆಗಳ ಅಪರಾಧಿಯನ್ನು ಪತ್ತೆಹಚ್ಚಿದರು. ಸುಳಿವು ಕೊಟ್ಟುದು ಅವನ ದೂರದ ಬಂಧುಗಳ ಡಿ.ಎನ್.ಎ. ಅದೇ ವರ್ಷ ಯಾನಿವ್ ಅರ್ಲಿಕ್ ಮತ್ತು ಸಂಗಡಿಗರು ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಲೆಕ್ಕವನ್ನು ಪ್ರಕಟಿಸಿದರು. ಸುಮಾರು ೧೩ ಲಕ್ಷ ಜನರ ಸಂಗ್ರಹದಲ್ಲಿ, ಯೂರೋಪ್ ಮೂಲದ ಅಮೆರಿಕನ್ನರ ಪೈಕಿ ಶೇಕಡಾ ೬೦ರಷ್ಟು ಮಂದಿಗೆ ೧/೧೨೮ ಪಾಲಿನ ಅಥವಾ ಇನ್ನೂ ಹತ್ತಿರದ ಬಂಧು ದೊರೆಯುವನು.

ಹವ್ಯಾಸಿಗಳ ಬಳಗ ಎರಡಾಯಿತು. ಅಪರಾಧಿ ಸಿಕ್ಕನೆಂದು ಹಿಗ್ಗಿದವರುಂಟು. ವಿಶ್ವಾಸಭಂಗವಾಯಿತೆಂದು ನೊಂದವರೂ ಉಂಟು. ೨೦೧೯ರ ಮೇ ತಿಂಗಳಲ್ಲಿ ಜೆಡ್‌ಮ್ಯಾಚ್ ತನ್ನ ನಿಯಮವನ್ನು ತಿದ್ದಿ, ಸ್ಪಷ್ಟವಾಗಿ ಒಪ್ಪಿಗೆ ಕೊಟ್ಟವರ ಮಾಹಿತಿಯನ್ನು ಮಾತ್ರ ಪೊಲೀಸರ ಶೋಧನೆಗೆ ತೆರೆದಿಟ್ಟಿತು. ಆ ಡಿಸೆಂಬರಿನಲ್ಲಿ, ಅಪರಾಧಪತ್ತೆಗಾಗಿ ಡಿ.ಎನ್.ಎ. ಪರೀಕ್ಷಾಸಾಧನಗಳನ್ನು ತಯಾರಿಸುವ ವೆರೋಜೆನ್ ಸಂಸ್ಥೆ ಆ ಸಂಗ್ರಹವನ್ನೇ ಕೊಂಡಿತು.

ಒಪ್ಪಿಗೆ ಕೊಡುವವನು ಒಬ್ಬ. ಅದರಿಂದ ಬೆಳಕಿಗೆ ಬರುವವರು, ಯಾರೂ ಕೇಳದೆ ಉಳಿದ ಆ ೪೩೨ ಮಂದಿ. ಪ್ರತಿ ದಂಪತಿಗೆ ಇಬ್ಬರೇ ಮಕ್ಕಳಾದರೆ ಇವರೆಷ್ಟು ಮಂದಿ ಆಗುವರೆಂಬುದನ್ನು ವಿದ್ಯಾರ್ಥಿಗಳು ತಾವೇ ಲೆಕ್ಕಹಾಕಿ ನೋಡಲಿ. ಉತ್ತರ ೬೪, ಅದೂ ಸಣ್ಣ ಸಂಖ್ಯೆಯೇನಲ್ಲ.